ಹಡಗು ಮುಗಿದಲ್ಲಿ ತಿರುಗುತ್ತಿದ್ದವರು

ಇವತ್ತು ಬೆಳಿಗ್ಗೆ ಹಾಲು ತರಲು ಕೆಳಗಿಳಿದರೆ, ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಒಬ್ಬ ಪೇಂಟರ್ ರೆಡ್ ಆಕ್ಸೈಡ್ ಹಚ್ಚುತ್ತ ಕೂತಿದ್ದ. ವಿಶಾಖಪಟ್ಟಣದಲ್ಲಿ ಕಬ್ಬಿಣಕ್ಕೆ ಆಯುಸ್ಸು ಕಡಿಮೆ. ಸಮುದ್ರದ ಗಾಳಿ ಮನೆಮನೆಗೂ ಬಂದು ಗೇಟು, ಕಿಟಕಿಯ ಸರಳು, ಸ್ಕೂಟರಿನ ಮಡ್‌ಗಾರ್ಡು ಎಲ್ಲವನ್ನೂ ನೆಕ್ಕಿ ಹೋಗುತ್ತದೆ. ಅದಕ್ಕೇ ಇಲ್ಲಿ ಯಾವ ತಿಂಗಳಲ್ಲಾದರೂ ಯಾರದೋ ಮನೆ ಮುಂದೆ ಈ ಕೆಂಪು ಬಣ್ಣ, ಟರ್ಪೆಂಟೈನಿನ ಈ ಘಾಟು ಇದ್ದೇ ಇರುತ್ತದೆ. ಆದರೂ ಇವತ್ತು ಆ ವಾಸನೆ ಮೂಗಿಗೆ ಬಡಿದದ್ದೇ, ಹಾಲಿನ ಪೊಟ್ಟಣ ಹಿಡಿದು ಅಲ್ಲೇ ನಿಂತುಬಿಟ್ಟೆ. ನಾನು ಅಸೋಸಿಯೇಷನ್ನಿನ ಸೆಕ್ರೆಟರಿ ಇರಬೇಕು ಅಂದುಕೊಂಡ ಪೇಂಟರ್ ಬ್ರಷ್ಷನ್ನು ಸ್ವಲ್ಪ ಚುರುಕಾಗಿ ಆಡಿಸತೊಡಗಿದ. ನನಗೆ ಕಾಣುತ್ತಿದ್ದದ್ದು ಅವನಲ್ಲ. ಬಂದರಿನ ಆಚೆ ಲಂಗರು ಹಾಕಿ ನಿಂತ ಒಂದು ಹಡಗಿನ ಡೆಕ್ಕಿನಲ್ಲಿ ಕುಕ್ಕರುಗಾಲಲ್ಲಿ ಕೂತು ಇದೇ ಬಣ್ಣ ಹಚ್ಚುತ್ತಿದ್ದ ಒಬ್ಬರ ಬೆನ್ನು...

ನಾನಾಗ ಒಂದು ಶಿಪ್ಪಿಂಗ್ ಏಜೆನ್ಸಿಯಲ್ಲಿ ಬೋರ್ಡಿಂಗ್ ಕ್ಲರ್ಕ್. ಹೆಸರು ದೊಡ್ಡದು, ಕೆಲಸ ಮಾತ್ರ ದಡದಲ್ಲಿರುವುದನ್ನು ಹಡಗಿಗೆ ಮುಟ್ಟಿಸುವುದು. ತರಕಾರಿ, ಕುಡಿಯುವ ನೀರು, ಸಿಮ್ ಕಾರ್ಡು, ಜ್ವರದ ಮಾತ್ರೆ, ಮತ್ತು ನಮ್ಮ ಬಾಸ್ ಹೇಳಿ ಕಳಿಸುವ ಸುಳ್ಳು. ಇದು ಸಂಬಳದ ಕೆಲಸ. ಸಂಬಳವಿಲ್ಲದ ಕೆಲಸ ಮಿಮಿಕ್ರಿ. ಪ್ರತಿ ವಾಕ್ಯಕ್ಕೂ ಮುಂಚೆ ‘ಸೀ...’ ಎಂದು ಮೂಗಿನಲ್ಲಿ ಎಳೆಯುವ ಬಾಸ್, ವಯರ್‌ಲೆಸ್ಸಿನಲ್ಲಿ ಕೆಮ್ಮಿಯೇ ಮಾತು ಶುರುಮಾಡುವ ಬಂದರಿನ ಕಂಟ್ರೋಲ್ ರೂಮಿನವರು, ರಾಜ್ಯೋತ್ಸವದ ದಿನ ಮೈಕಿನ ಮುಂದೆ ನಿಂತು ಕನ್ನಡಕ್ಕಾಗಿ ತಡಕಾಡುವ ನಮ್ಮ ಟೌನ್‌ಶಿಪ್ಪಿನ ಕನ್ನಡ ಸಂಘದ ಅಧ್ಯಕ್ಷರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ಮನೆಯ ಯಜಮಾನ ಯಾರು ಅಂತ ಕೇಳಿದ್ದರೆ ಮಾತ್ರ ಉತ್ತರವಿರಲಿಲ್ಲ. ಅಪ್ಪ ದಾವಣಗೆರೆ ಕಡೆಯಿಂದ ಉಕ್ಕಿನ ಕಾರ್ಖಾನೆಗೆ ಬಂದವರು. ನಾನು ಹುಟ್ಟಿದ್ದು ಇಲ್ಲೇ. ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು. ಕನ್ನಡ ಅಂದರೆ ಅಡುಗೆಮನೆಯಲ್ಲಿ ಅಮ್ಮ ಆಡಿದ್ದು. ಅದನ್ನೇ ಕೇಳಿ, ಅದರಂತೆಯೇ ಆಡಿ ಕಲಿತೆ. ಹಾಗಾಗಿ ನನ್ನ ಕನ್ನಡವೂ ಒಂದು ಮಿಮಿಕ್ರಿಯೇ.

ಅದನ್ನು ಮೊದಲು ಪತ್ತೆಹಚ್ಚಿದವರು ಆ ಹಡಗಿನ ಕ್ಯಾಪ್ಟನ್.

ಕಲ್ಲಿದ್ದಲು ಇಳಿಸಲು ಬಂದ ಹಡಗು. ನಾನು ಕಾಗದಪತ್ರ ಹಿಡಿದು ಅವರ ಕ್ಯಾಬಿನ್ನಿಗೆ ಹೋಗಿದ್ದೆ. ಅವರು ಸಹಿ ಹಾಕುತ್ತಿದ್ದಾಗ ಅಮ್ಮನ ಫೋನು ಬಂತು. ಊಟಕ್ಕೆ ಬರಲ್ಲ ಕಣೇ, ಮುಚ್ಚಿಟ್ಟು ಮಲಕ್ಕೋ ಅಂತ ಹೇಳಿ ಇಟ್ಟೆ. ಕ್ಯಾಪ್ಟನ್ ತಲೆಯೆತ್ತಿದರು. ಗಡ್ಡ ನೆರೆತಿತ್ತು, ಹುಬ್ಬು ಕಪ್ಪಿತ್ತು. ಅಲ್ಲಿಯವರೆಗೆ ನನ್ನ ಜೊತೆ ಗಾಂಭೀರ್ಯದ ಇಂಗ್ಲಿಷಿನಲ್ಲಿದ್ದವರು ಇದ್ದಕ್ಕಿದ್ದಂತೆ ಹೊನ್ನಾವರಕ್ಕೆ ಇಳಿದರು.

“ನೀ ಎಂತಕ್ಕೆ ತಮಾ, ಐವತ್ತು ವರ್ಷದ ಹೆಂಗಸ್ರ ಹಾಗೆ ಮಾತಾಡೂದು?”

ಆ ಹಡಗಿನಲ್ಲಿ ಅವರೊಬ್ಬರೇ ಭಾರತೀಯರು. ತಿಂಗಳುಗಟ್ಟಲೆ ಕನ್ನಡದ ಒಂದು ಶಬ್ದ ಕಿವಿಗೆ ಬೀಳದೆ, ಕೊನೆಗೆ ಬಿದ್ದದ್ದು ದಾವಣಗೆರೆಯ ನನ್ನ ಅಮ್ಮ. ಅವರು ನಕ್ಕ ನಗೆಗೆ ಮೇಜಿನ ಮೇಲಿನ ಸೀಲು ಉರುಳಿ ಬಿತ್ತು.

ಸರಕು ಇಳಿಸಿ, ಹಡಗು ಹೊರಗೆ ಲಂಗರು ಹಾಕಿ ಮುಂದಿನ ಪ್ರಯಾಣಕ್ಕೆ ಕಾಯುತ್ತಿದ್ದಾಗ ಹೈಕೋರ್ಟಿನಿಂದ ಆದೇಶ ಬಂತು. ಹಡಗನ್ನು ಅರೆಸ್ಟ್ ಮಾಡಿ ಅಂತ. ನನಗೋ ನಗು. ಬೇಡಿ ಎಲ್ಲಿಗೆ ಹಾಕುತ್ತಾರೆ, ಲಂಗರಿಗೋ ಹೊಗೆಕೊಳವೆಗೋ ಅಂತ ಆಫೀಸಿನಲ್ಲೆಲ್ಲ ಕೇಳಿಕೊಂಡು ತಿರುಗಿದೆ. ಬೇಡಿ ಇರಲಿಲ್ಲ. ವಾರಂಟನ್ನು ಹಡಗಿನ ಮೇಲೆ ಅಂಟಿಸುತ್ತಾರೆ, ಅಷ್ಟೇ. ಆ ಕಾಗದ ಅಂಟಿದ ಕ್ಷಣದಿಂದ ಹಡಗು ಅಲುಗುವ ಹಾಗಿಲ್ಲ. ಕೋರ್ಟಿನ ಅಮೀನರನ್ನು ಲಾಂಚ್ ಎಂಬ ಸಣ್ಣ ಮೋಟಾರು ದೋಣಿಯಲ್ಲಿ ಕರೆದುಕೊಂಡು ಹೋದವನು ನಾನೇ. ಜನ್ಮದಲ್ಲಿ ಸಮುದ್ರಕ್ಕಿಳಿಯದ ಪುಣ್ಯಾತ್ಮರು. ದಾರಿಯುದ್ದಕ್ಕೂ ಸಿಂಹಾಚಲದ ದೇವರನ್ನು ಕೂಗುತ್ತ, ಬೆಳಿಗ್ಗೆ ತಿಂದ ಪೆಸರಟ್ಟನ್ನು ಅಲೆಗೆ ಅರ್ಪಿಸುತ್ತ ಬಂದರು. ಮೇಲೆ ಹತ್ತಿ, ಹಡಗು ನಡೆಸುವ ಕೋಣೆಯಾದ ಬ್ರಿಜ್ಜಿನ ಗಾಜಿಗೆ ವಾರಂಟ್ ಅಂಟಿಸಲು ಹೋದರೆ ಗಾಳಿಗೆ ಗೋಂದು ನಿಲ್ಲಲಿಲ್ಲ. ಕ್ಯಾಪ್ಟನ್ ಒಳಗೆ ಹೋಗಿ ಅಗಲದ ಟೇಪು ತಂದರು. ಅಮೀನರು ಅಂಟಿಸಿದ್ದು ಸೊಟ್ಟಗಾಯಿತೆಂದು ಕಿತ್ತು, ತಾವೇ ನೆಟ್ಟಗೆ ಅಂಟಿಸಿದರು. ಆಮೇಲೆ ಉಪ್ಪುನೀರು ತಾಗದ ಹಾಗೆ ಮೇಲೊಂದು ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸಿದರು. ತನ್ನ ಬಂಧನದ ಆದೇಶವನ್ನು ಹೀಗೆ ಜೋಪಾನ ಮಾಡಿದವರನ್ನು ನಾನು ಬೇರೆ ಕಂಡಿಲ್ಲ.

ಆ ಹಡಗು ತಪ್ಪು ಮಾಡಿರಲಿಲ್ಲ ಅನ್ನುವುದೇ ವಿಚಿತ್ರ. ಅದೇ ಮಾಲೀಕರ ಇನ್ನೊಂದು ಹಡಗು, ಯಾವುದೋ ದೂರದ ದೇಶದ ಅಳಿವೆಯಲ್ಲಿ, ಮತ್ತೊಂದು ದೇಶದವರ ಹಡಗಿಗೆ ಗುದ್ದಿ ಹೋಗಿತ್ತು. ಗುದ್ದಿದ್ದು ಕೈಗೆ ಸಿಗದೆ ತಿರುಗುತ್ತಿತ್ತು. ಮಾಲೀಕರ ಆಫೀಸು ಎಲ್ಲೋ ಒಂದು ಬೋರ್ಡು ಮಾತ್ರ. ಹಡಗು ನೋಂದಾಯಿಸಿದ್ದು ಅಂತ ಹಿಂಭಾಗದಲ್ಲಿ ಬರೆದಿದ್ದ ದೇಶವನ್ನಂತೂ ಹಡಗಿನಲ್ಲಿದ್ದ ಯಾರೂ ಕಂಡಿರಲಿಲ್ಲ. ಆದರೆ ಒಂದೇ ಮಾಲೀಕರ ಹಡಗುಗಳನ್ನು ಕಾನೂನು ಅಕ್ಕತಂಗಿಯರಂತೆ ನೋಡುತ್ತದಂತೆ. ಒಬ್ಬಳು ಸಿಗದಿದ್ದರೆ ಇನ್ನೊಬ್ಬಳನ್ನು, ಅವಳು ಯಾವ ದೇಶದ ನೀರಿನಲ್ಲಿದ್ದಾಳೋ ಆ ದೇಶದ ಕೋರ್ಟು ಹಿಡಿಯಬಹುದು. ಅಕ್ಕ ಗುದ್ದಿ ಓಡಿಹೋದಳು, ತಂಗಿ ನಮ್ಮೂರಲ್ಲಿ ಸಿಕ್ಕಿಬಿದ್ದಳು ಅಂತ ನಾನು ಹರಿಕತೆ ದಾಸರ ದನಿಯಲ್ಲಿ ಹಾಡಿ ತೋರಿಸಿದೆ. ಕ್ಯಾಪ್ಟನ್ ನಗಲಿಲ್ಲ.

“ಸರಿಯಾದ ಕಾನೂನೇ ತಮಾ. ಸಮುದ್ರಕ್ಕೆ ಬೇಲಿ ಇಲ್ಲ. ಹಡಗನ್ನ ಹಿಡೀದೆ ಇದ್ರೆ ಗುದ್ದಿದವ ಯಾವ ಜನ್ಮಕ್ಕೂ ಸಿಗೂದಿಲ್ಲ.”

ಹಾಗೆ ಹೇಳುವಾಗ ಅವರಿಗೂ ಗೊತ್ತಿರಲಿಲ್ಲ, ಆ ಸರಿಯಾದ ಕಾನೂನು ತಮ್ಮನ್ನು ಎಷ್ಟು ಕಾಲ ಹಿಡಿದಿಡಲಿದೆ ಅಂತ. ಮಾಲೀಕರ ಕಡೆಯ ವಕೀಲರು, ಈ ವ್ಯಾಜ್ಯ ಆಗಲೇ ಇನ್ನೊಂದು ದೇಶದ ಕೋರ್ಟಿನಲ್ಲಿದೆ, ಭಾರತದ ಕೋರ್ಟಿಗೆ ಇದರಲ್ಲಿ ಕೆಲಸವಿಲ್ಲ ಅಂದರು. ಗುದ್ದಿಸಿಕೊಂಡವರು, ಹಡಗು ಇಲ್ಲಿದೆ, ಹಾಗಾಗಿ ನ್ಯಾಯವೂ ಇಲ್ಲೇ ಅಂದರು. ಆ ದೇಶದ ಕೋರ್ಟು ಇಲ್ಲಿ ಏನಾಗುತ್ತದೋ ನೋಡೋಣ ಅಂತ ಕಾಯಿತು. ಇಲ್ಲಿಯ ಕೋರ್ಟು ಅಲ್ಲಿ ಏನಾಯಿತು ತಿಳಿಸಿ ಅಂತ ಕೇಳಿತು. ಒಬ್ಬರ ಮನೆಯ ಜಗಳದಲ್ಲಿ ಇನ್ನೊಬ್ಬರು ಬಾಯಿ ಹಾಕಬಾರದು ಅನ್ನುವ ಮರ್ಯಾದೆ ಕೋರ್ಟುಗಳಿಗೂ ಇದೆ. ‘ನೀವು ಮೊದಲು’, ‘ಇಲ್ಲ, ಮೊದಲು ನೀವು’ ಅನ್ನುತ್ತ ಊಟದೆಲೆಯ ಮುಂದೆ ನಿಂತ ಬೀಗರ ಹಾಗೆ.

ಅಷ್ಟರಲ್ಲಿ ಹಡಗಿನವರು ಒಬ್ಬೊಬ್ಬರಾಗಿ ಇಳಿದುಹೋದರು. ನಾವಿಕರ ಸಂಘವೊಂದು ಓಡಾಡಿತು, ಅವರವರ ದೇಶದ ಕಚೇರಿಯವರು ಬಂದರು, ವಿಮಾನ ಹತ್ತಿಸಿದರು. ಉಳಿದವರು ಕ್ಯಾಪ್ಟನ್, ಇಂಗ್ಲಿಷಿನ ಒಂದೆರಡೇ ಶಬ್ದ ಗೊತ್ತಿದ್ದ ಒಬ್ಬ ಮುದುಕ ಇಂಜಿನಿಯರ್, ಬೆರಳೆಣಿಕೆಯ ಖಲಾಸಿಗಳು. ಲಂಗರಿನಲ್ಲಿರುವ ಹಡಗನ್ನು ಕ್ಯಾಪ್ಟನ್ ಇಲ್ಲದೆ ಬಿಡುವಂತಿಲ್ಲ. ಇನ್ನೊಬ್ಬ ಕ್ಯಾಪ್ಟನ್ ಬಂದು ವಹಿಸಿಕೊಳ್ಳುವವರೆಗೆ ಇವರು ಕೆಳಗಿಳಿಯುವಂತಿಲ್ಲ. ಮಾಲೀಕರು ಯಾರನ್ನೂ ಕಳಿಸಲಿಲ್ಲ. ಪರದೇಶದವರಲ್ಲಿ ಬಹುಪಾಲು ಜನ ತಮ್ಮ ತಮ್ಮ ದೇಶ ಸೇರಿಕೊಂಡರು. ತನ್ನ ದೇಶದ ದಂಡೆ ಕಣ್ಣೆದುರಿಗೇ ಇದ್ದವರು ಮಾತ್ರ ಅಲ್ಲೇ ನಿಂತರು.

ನಾನು ಲಾಂಚಿನಲ್ಲಿ ನೀರು, ಅಕ್ಕಿ ಹೊತ್ತು ಹೋದಾಗಲೆಲ್ಲ ಅವರು ಏಣಿಯ ತುದಿಯಲ್ಲಿ ಬಗ್ಗಿ ನಿಂತಿರುತ್ತಿದ್ದರು. ಮೊದಲು ಕೇಳುತ್ತಿದ್ದದ್ದು ತರಕಾರಿಯನ್ನಲ್ಲ, “ಇವತ್ತು ಯಾರ್ನ ಕರ್ಕೊಂಡು ಬಂದೆ?” ಅಂತ. ನಾನು ಬಾಸ್‌ನನ್ನು ತೆಗೆಯುತ್ತಿದ್ದೆ, ಅಮೀನರ ವಾಂತಿಯನ್ನು ತೆಗೆಯುತ್ತಿದ್ದೆ, ಅಧ್ಯಕ್ಷರ ರಾಜ್ಯೋತ್ಸವ ಭಾಷಣವನ್ನು ಪೂರ್ತಿ ಒಪ್ಪಿಸುತ್ತಿದ್ದೆ. ಅವರು ತುಕ್ಕು ಕೆರೆಯುತ್ತ ಕೇಳುತ್ತಿದ್ದರು. ಸಣ್ಣ ಸುತ್ತಿಗೆಯಿಂದ ಕಬ್ಬಿಣವನ್ನು ಕುಟ್ಟಿ ಕುಟ್ಟಿ, ತುಕ್ಕಿನ ಹಕ್ಕಳೆ ಎಬ್ಬಿಸಿ, ಉಜ್ಜಿ, ಆಮೇಲೆ ರೆಡ್ ಆಕ್ಸೈಡ್. ಮಾಲೀಕನಿಗೇ ಬೇಡವಾದ ಹಡಗಿಗೆ ಬಣ್ಣ ಯಾಕೆ ಸಾರ್, ಮೀನು ಏನು ಹೆಣ್ಣು ನೋಡಕ್ಕೆ ಬರ್ತವಾ ಅಂತ ಕೆಣಕಿದ್ದೆ. ತಾನು ಇರುವವರೆಗೆ ತನ್ನ ಹಡಗು ತುಕ್ಕು ಹಿಡಿಯಬಾರದು ಅಂದರು. ಮತ್ತೆ, ಒಳಗಿನ ತುಕ್ಕು ತೆಗೆಯದೆ ಮೇಲೆ ಬಣ್ಣ ಹಚ್ಚುವವರನ್ನು ಕಂಡರೆ ತನಗಾಗದು ಅಂತಲೂ.

ಒಂದು ದಿನ ಅವರ ಎದುರಿಗೇ ಅವರದೇ ದನಿ ಮಾಡಿದೆ. ಆ ಎಳೆತ, ಮಾತಿನ ಕೊನೆಗೆ ಉಸಿರು ಬಿಡುವ ರೀತಿ, ‘ಎಂತಾ ಮಾಡೂದು ತಮಾ’ ಅನ್ನುವಾಗ ‘ತಮಾ’ದ ಮೇಲೆ ಕೈಯಿಟ್ಟು ಒರಗಿದಂತೆ ನಿಲ್ಲುವುದು. ಸುತ್ತಿಗೆ ನಿಂತಿತು. ಬಯ್ಯುತ್ತಾರೆ ಅಂದುಕೊಂಡೆ.

“ನಾ ಹೀಗೆ ಮಾತಾಡೂದಾ?” ಅಂದರು. ಸುತ್ತಿಗೆ ಕೆಳಗಿಟ್ಟು, “ಇನ್ನೊಂದ್ಸಲ ಮಾಡು” ಅಂದರು.

ಸಂಜೆಯ ಬಿಸಿಲು ಇಳಿದ ಮೇಲೆ ಅವರು ಡೆಕ್ಕಿನಲ್ಲಿ ನಡೆಯುತ್ತಿದ್ದರು. ಹಿಂಭಾಗದಿಂದ ಮೂತಿಯವರೆಗೆ. ಅಲ್ಲಿ ಕಂಬಿಯ ಮೇಲೆ ಒಮ್ಮೆ ಕೈ ತಟ್ಟಿ ತಿರುಗುವುದು. ಮತ್ತೆ ಹಿಂಭಾಗ. ಅಲ್ಲಿಂದ ನೋಡಿದರೆ ಡಾಲ್ಫಿನ್ ನೋಸ್ ಗುಡ್ಡದ ಲೈಟ್‌ಹೌಸು, ಬೀಚ್ ರೋಡು, ಅಲ್ಲಿ ಬೆವರು ಒರೆಸಿಕೊಳ್ಳುತ್ತ ನಡೆಯುವ ಜನ, ಎಲ್ಲ ಇರುವೆಯಷ್ಟು ಕಾಣುತ್ತಿತ್ತು. ಆ ರಸ್ತೆ ಎಲ್ಲಿಯವರೆಗೆ ಹೋಗೂದು ಅಂತ ಕೇಳಿದರು. ಸಮುದ್ರದ ಪಕ್ಕದಲ್ಲೇ ಭೀಮುನಿಪಟ್ಟಣದವರೆಗೆ, ನಾವು ಭೀಮಿಲಿ ಅಂತೀವಿ ಅಂದೆ. ನಡೆದುಕೊಂಡು ಹೋಗಬಹುದಾ ಅಂದರು. ಹೋಗಬಹುದು, ಆದರೆ ಹುಚ್ಚು ಬೇಕು ಅಂದೆ. ಹೋದವರು ಅದೇ ದಾರಿಯಲ್ಲಿ ತಿರುಗಿ ನಡೆದು ಬರಬೇಕಾ ಅಂದರು. ಯಾಕೆ ಬರಬೇಕು, ಬಸ್ಸಿದೆ ಅಂದೆ.

ಅವರ ಮುಖ ಅರಳಿದ್ದು ನನಗಿನ್ನೂ ನೆನಪಿದೆ. ಅವರಿಗೆ ಬೇಕಾದದ್ದು ಅಷ್ಟೇ ಆಗಿತ್ತು. ಬಿಡುಗಡೆಯಾದ ದಿನ ಒಂದೇ ದಿಕ್ಕಿಗೆ, ಎಲ್ಲೂ ತಿರುಗದೆ ನಡೆದು ಹೋಗಬೇಕು. ನಾನೂ ಜೊತೆಗೆ ಬರಬೇಕು, ದಾರಿಯುದ್ದಕ್ಕೂ ಬಾಯಿ ಮುಚ್ಚಬಾರದು. ಭೀಮಿಲಿಯಲ್ಲಿ ಮೀನು ತಿನ್ನೋಣ. ಬಸ್ಸಿನಲ್ಲಿ ಬರೋಣ.

ಆಮೇಲೆ ಯಾವಾಗಲೋ... ಯಾವ ವಾರದಿಂದ ಅಂತ ಹೇಳಲಾರೆ, ಅವರು ಏಣಿಯ ಬಳಿ ಕಾಣಿಸುವುದು ನಿಂತಿತು. ವಯರ್‌ಲೆಸ್ಸಿನಲ್ಲಿ ಕರೆದರೆ ‘ಹಾಂ’ ಅಂತ ಮಾತ್ರ. ಯಾರನ್ನು ಕರ್ಕೊಂಡು ಬಂದೆ ಅಂತ ಕೇಳುವುದೂ ನಿಂತಿತು. ಅವರು ಕೇಳದೆಯೇ ನಾನು ಎರಡು ದನಿ ತೆಗೆದೆ, ಮೂರು ತೆಗೆದೆ. ಬಾಗಿಲು ಹಾಕಿದ ಮನೆಯ ಮುಂದೆ ಬುಡಬುಡಕೆ ಆಡಿಸಿದ ಹಾಗಾಯಿತು. ಒಂದು ದಿನ ಏಣಿ ಹತ್ತಿ ನೋಡಿದರೆ ಸುತ್ತಿಗೆ ಡೆಕ್ಕಿನ ಮೇಲೆ ಬಿದ್ದಿತ್ತು. ಬಣ್ಣದ ಡಬ್ಬಿ ಕೆನೆಗಟ್ಟಿತ್ತು. ಕ್ಯಾಪ್ಟನ್ ಹಡಗಿನ ಮೂತಿಯಲ್ಲಿ ಕಂಬಿ ಹಿಡಿದು ನಿಂತಿದ್ದರು. ತಟ್ಟಿ ತಿರುಗುವವರು ಅವತ್ತು ತಿರುಗಿರಲಿಲ್ಲ. ಕಂಬಿಯ ಆಚೆ ಬರೀ ನೀರು.

“ನನ್ನನ್ನ ಇಳಿಸು ತಮಾ,” ಅಂದರು. “ಹಡಗು ಬೇಕಾದ್ರೆ ಇಲ್ಲೇ ಇರ್ಲಿ.”

ಲಾಂಚಿನಲ್ಲಿ ವಾಪಸು ಬರುವಾಗ ನಾನು ಯಾರ ದನಿಯನ್ನೂ ಮಾಡಲಿಲ್ಲ. ಲಾಂಚ್ ನಡೆಸುವ ಸಾರಂಗನೇ ಗಾಬರಿಯಾಗಿ, ಜ್ವರವೇನೋ ತಮ್ಮುಡೂ ಅಂತ ವಿಚಾರಿಸಿದ.

ನಾವಿಕರ ಸಂಘದವರು ಕ್ಯಾಪ್ಟನ್ ಪರವಾಗಿ ವಿಜಯವಾಡದ ಒಬ್ಬ ವಕೀಲರನ್ನು ಹಿಡಿದರು. ಹಡಗಿನ ವ್ಯಾಜ್ಯ ಏನಾದರಾಗಲಿ, ಮನುಷ್ಯನನ್ನು ಬಿಡಿ ಅಂತ ಅರ್ಜಿ. ಹಡಗಿಗೆ ಹೋಗಿಬರುವವನು ನಾನೊಬ್ಬನೇ ಆದ್ದರಿಂದ, ಏನಾದರೂ ಬೇಕಾದೀತು ಅಂತ ನನ್ನನ್ನೂ ಕಳಿಸಿದರು. ಬಾಸ್ ‘ಸೀ... ಅಲ್ಲಿ ಹೋಗಿ ನಿನ್ನ ಕೋತಿಯಾಟ ಶುರು ಮಾಡಬೇಡ’ ಅಂತ ಎಚ್ಚರಿಸಿಯೇ ರೈಲು ಹತ್ತಿಸಿದ್ದ. ವಿಜಯವಾಡದಲ್ಲಿ ಇಳಿದು, ವಕೀಲರ ಕಾರಿನಲ್ಲಿ ಕೃಷ್ಣೆಯನ್ನು ದಾಟಿ, ಹೊಲಗಳ ನಡುವೆ ಎದ್ದುನಿಂತ ಹೈಕೋರ್ಟಿಗೆ ಹೋದೆವು. ಸಮುದ್ರವಿಲ್ಲದ ಆ ಬಯಲಿನಲ್ಲಿ ಕೂತು ಹಡಗುಗಳ ಜಾತಕ ನೋಡುತ್ತಾರಲ್ಲ ಅಂತ ಸೋಜಿಗವಾಯಿತು.

ಮಾಲೀಕರ ವಕೀಲರು ಸೊಗಸಾಗಿ ಮಾತಾಡಿದರು. ಕ್ಯಾಪ್ಟನ್ ಬಿಡುಗಡೆ ಅವರ ನೌಕರಿಯ ಕರಾರಿನ ಪ್ರಶ್ನೆ, ಅದಕ್ಕೆ ಅನ್ವಯಿಸುವುದು ಬೇರೆ ದೇಶದ ಕಾನೂನು, ಅದನ್ನು ಅಲ್ಲೇ ಕೇಳಬೇಕು. ಹೇಗೂ ಅವರಿಗೆ ಅಕ್ಕಿ, ನೀರು, ಕರೆಂಟಿಗೆ ಡೀಸೆಲ್ಲು ಎಲ್ಲ ತಲುಪುತ್ತಿದೆ ಅಂದರು. ನ್ಯಾಯಾಧೀಶರು ಕನ್ನಡಕ ತೆಗೆದು, ಆ ಹಡಗಿಗೆ ಇತ್ತೀಚೆಗೆ ಹೋಗಿಬಂದವರು ಇಲ್ಲಿ ಯಾರಾದರೂ ಇದ್ದಾರೆಯೇ ಅಂತ ಕೇಳಿದರು. ನಮ್ಮ ವಕೀಲರು ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದರು. ಕ್ಯಾಪ್ಟನ್ ದಿನವಿಡೀ ಏನು ಮಾಡುತ್ತಾರೆ ಎಂಬ ಪ್ರಶ್ನೆ ಬಂತು. ಸುಲಭದ ಪ್ರಶ್ನೆ. ಆದರೆ ನನ್ನ ದನಿ ಎಂಬುದು ಎಲ್ಲಿದೆಯೋ ಹುಡುಕಿದರೆ ಸಿಗಲಿಲ್ಲ. ಬಾಯಿ ತೆರೆದಾಗ ಹೊರಬಂದದ್ದು ಕ್ಯಾಪ್ಟನ್. ಅವರದೇ ಇಂಗ್ಲಿಷು, ಅದೇ ಎಳೆತ, ಕೊನೆಯಲ್ಲಿ ಬಿಡುವ ಅದೇ ಉಸಿರು. ನಾನು ನಡೆಯುತ್ತೇನೆ ಸ್ವಾಮಿ, ಅಂದೆ. ಮೂತಿಯವರೆಗೆ ನಡೆಯುತ್ತೇನೆ. ಅಲ್ಲಿಗೆ ಹಡಗು ಮುಗಿಯುತ್ತದೆ. ತಿರುಗುತ್ತೇನೆ. ಈಚೆಗೆ ತಿರುಗಲು ಮರೆಯುತ್ತಿದೆ.

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಡೆಯುವುದು ನೀವೋ, ಅವರೋ ಅಂತ ನ್ಯಾಯಾಧೀಶರು ಕೇಳಿದರು. ಆಗಲೇ ನನಗೆ ತಿಳಿದದ್ದು, ‘ನಾನು’ ಅಂದಿದ್ದೆ ಅಂತ. ‘ಅವರು, ಸ್ವಾಮಿ’ ಅಂತ ನನ್ನದೇ ಕಪ್ಪೆ ದನಿಯಲ್ಲಿ ಹೇಳಿ ಹಿಂದೆ ಸರಿದೆ. ನ್ಯಾಯಾಧೀಶರು ಕನ್ನಡಕ ಮತ್ತೆ ಹಾಕಿಕೊಂಡು ಏನೋ ಬರೆದುಕೊಂಡರು. ಆಮೇಲೆ ಹೇಳಿದ್ದು ಇಷ್ಟು: ಈ ಹಡಗಿನ ನ್ಯಾಯವನ್ನು ಯಾವ ದೇಶದ ಕೋರ್ಟು ಹೇಳಬೇಕೆಂದು ತೀರ್ಮಾನಿಸಲು ಕಾಲ ಬೇಕು, ಅದಾಗಲಿ, ಈ ಮನುಷ್ಯ ಯಾವ ಊರಿಗೆ ಹೋಗಬೇಕೆಂಬ ಬಗ್ಗೆ ಯಾವ ದೇಶದಲ್ಲೂ ತಕರಾರಿಲ್ಲ. ಬಂದರಿನವರು ಬೇರೊಬ್ಬ ಕ್ಯಾಪ್ಟನ್ನನ್ನು ನೇಮಿಸಿ ಇವರನ್ನು ಇಳಿಸಬೇಕು ಅಂತ ಆದೇಶವಾಯಿತು. ನನ್ನ ಪ್ರತಾಪದಿಂದಲೇ ಆದದ್ದು ಅಂತ ಬೀಗುತ್ತಿದ್ದೆ. ಊಟದೆಲೆಯ ಮುಂದೆ ವಕೀಲರು ಗೋಂಗೂರ ಕಲಸುತ್ತ, ತುಫಾನಿನ ಕಾಲಕ್ಕೆ ಮುಂಚೆ ಹಡಗನ್ನು ಮನಸ್ಸು ನೆಟ್ಟಗಿರುವವರ ಕೈಗೆ ಕೊಡಿ ಅಂತ ಬಂದರಿನವರೇ ಕೋರಿದ್ದರು ಕಣಯ್ಯಾ ಅಂತ ಗಾಳಿ ತೆಗೆದರು.

ಆದೇಶದ ಅಸಲು ಪ್ರತಿಗೆ ಸೀಲು ಬೀಳುವವರೆಗೆ ನಾನು ವಿಜಯವಾಡದಲ್ಲೇ ಉಳಿಯಬೇಕಾಯಿತು. ಅಷ್ಟರಲ್ಲಿ ಅದರ ಫೋಟೋ ಮೊಬೈಲಿನಲ್ಲಿ ವಿಶಾಖಪಟ್ಟಣ ಸೇರಿ, ಹೊಸ ಕ್ಯಾಪ್ಟನ್ ಹಡಗು ಹತ್ತಿ, ನಮ್ಮವರು ಇಳಿದೂ ಆಗಿತ್ತು. ನಾನು ವಾಪಸು ಬಂದಾಗ ಸಾರಂಗ ಹೇಳಿದ. ಜೆಟ್ಟಿಯಲ್ಲಿ ಕಾರು ನಿಂತಿತ್ತಂತೆ, ಅವರು ಹತ್ತಲಿಲ್ಲವಂತೆ. ಬ್ಯಾಗನ್ನು ಮಾತ್ರ ಕಾರಿನಲ್ಲಿಟ್ಟು ಬಂದರಿನ ಗೇಟಿನವರೆಗೆ ನಡೆದರು, ಗೇಟು ದಾಟಿಯೂ ನಡೆದರು, ಕಾರು ಹಿಂದೆ ಹಿಂದೆ ಬರುತ್ತಿತ್ತು. “ಸಾರು ವೆನಕ್ಕಿ ಚೂಡಲೇದು ತಮ್ಮುಡೂ,” ಅಂದ. ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲವಂತೆ.

ಅವರು ರೈಲಿನಿಂದ ಫೋನು ಮಾಡಿದ್ದರು. ಸದ್ದಿನಲ್ಲಿ ಅರ್ಧ ಕೇಳಲಿಲ್ಲ. ಭೀಮಿಲಿ ಬಾಕಿ ಉಳೀತು ತಮಾ, ಅಂದದ್ದು ಕೇಳಿತು. ಬನ್ನಿ ಸಾರ್ ಯಾವಾಗಾದರೂ, ಅದು ಎಲ್ಲಿಗೂ ಹೋಗೋದಿಲ್ಲ ಅಂದೆ.

ಅವರ ಹಡಗು ಮುಂದೆ ಕೋರ್ಟಿನ ಹರಾಜಿನಲ್ಲಿ ಹೋಯಿತು, ಗುಜರಿಗೆ. ಅವರು ಹಚ್ಚಿದ ಬಣ್ಣವೂ ಅದರ ಜೊತೆಗೆ. ಹರಾಜಿನ ಹಣ ಯಾವ ದೇಶದವರಿಗೆ ಸೇರಬೇಕು ಅಂತ ಕೇಸು ಇನ್ನೂ ನಡೆಯುತ್ತಿದೆಯಂತೆ. ನಾನು ಆ ಕೆಲಸ ಬಿಟ್ಟೆ. ಹೋದ ಮಳೆಗಾಲದಲ್ಲಿ ಗೊತ್ತಿಲ್ಲದ ನಂಬರಿನಿಂದ ಒಂದು ಫೋನು ಬಂತು. ಕ್ಯಾಪ್ಟನ್ನರ ಹೆಂಡತಿ. ಅವರು ತೀರಿಕೊಂಡು ತಿಂಗಳಾಯಿತು, ನಿದ್ದೆಯಲ್ಲೇ ಅಂದರು. ಫೋನಿನಲ್ಲಿ ‘ವೈಜಾಗ್ ತಮಾ’ ಅಂತ ನಂಬರಿತ್ತಂತೆ, ಹೇಳಬೇಕೆನಿಸಿತಂತೆ. ನಾನು ಹತ್ತಿರವಿದ್ದ ಮೆಟ್ಟಿಲ ಮೇಲೆ ಕೂತೆ. ಅವರೇ ಮಾತು ಮುಂದುವರಿಸಿ, ಒಂದು ಸಂಗತಿ ಕೇಳಿದರು. ಊರಿಗೆ ಬಂದ ಮೇಲೆ ದಿನಾ ಸಂಜೆ ಸಮುದ್ರದ ದಂಡೆಗೆ ಹೋಗುತ್ತಿದ್ದರು. ದಂಡೆ ಕಣ್ಣು ಹಾಯುವವರೆಗೆ ಉದ್ದ ಇದೆ. ಆದರೂ ಅವರು ಒಂದು ಜಾಗದವರೆಗೆ ಹೋಗಿ, ಗಾಳಿಯಲ್ಲಿ ಹೀಗೆ ಕೈ ತಟ್ಟಿ, ತಿರುಗಿಬಿಡುತ್ತಿದ್ದರು. ಯಾಕೆ ಅಂತ ಕೇಳಿದರೆ ನಗುತ್ತಿದ್ದರು. ನಿಮಗೇನಾದರೂ ಗೊತ್ತಾ?

“ಅದು ಹಡಗಿನ ಉದ್ದ, ಅಮ್ಮಾ,” ಅಂದೆ.

ಆ ಕಡೆ ಕುರ್ಚಿ ಎಳೆದು ಕೂತ ಸದ್ದು ಕೇಳಿತು. ಆಮೇಲೆ ಅವರು, “ನೀವು ಅವರ ಹಾಗೇ ಮಾತಾಡ್ತಿದ್ರಂತೆ. ಒಂದ್ಸಲ ಮಾತಾಡಿ, ಕೇಳ್ತೇನೆ” ಅಂದರು.

ಮಾಡಿದೆ. ಎಂತಾ ಮಾಡೂದು ತಮಾ, ಅಂದೆ. ನನ್ನ ಜೀವಮಾನದಲ್ಲಿ ಅಷ್ಟು ಸರಿಯಾಗಿ ಯಾರ ದನಿಯನ್ನೂ ಹಿಡಿದಿರಲಿಲ್ಲ. ಎಳೆತ, ಒರಗುವಿಕೆ, ಕೊನೆಯ ಉಸಿರು, ಎಲ್ಲ ಇತ್ತು.

“ಚೆಂದ ಮಾಡ್ತ್ರಿ,” ಅಂದರು ಅವರು, ಮೆಲ್ಲಗೆ. “ಆದ್ರೆ ನಮ್ಮನೇಲಿ ಅವ್ರು ಹೀಗೆ ಮಾತಾಡ್ತಿರ್ಲಿಲ್ಲ.”

ಆ ಉಸಿರು, ಆ ಎಳೆತ ಹೊನ್ನಾವರದ್ದಲ್ಲ, ಹಡಗಿನದು ಅಂತ ನನಗೆ ಹೊಳೆದದ್ದು ಆಗ. ಆ ಮನೆಯವರಿಗೆ ಗೊತ್ತಿದ್ದವರು ಬೇರೆ ಯಾರೋ. ನನಗೆ ಗೊತ್ತಿದ್ದವರನ್ನು ಕಂಡ ಇನ್ನೊಬ್ಬರು ಈಗ ಎಲ್ಲಿದ್ದಾರೆ? ಆ ಮುದುಕ ಇಂಜಿನಿಯರ್ ಯಾವ ದೇಶದವನು ಅನ್ನುವುದೂ ನನಗೆ ನೆನಪಿಲ್ಲ...

ಗೇಟಿನ ಬಳಿ ಇನ್ನೂ ನಿಂತೇ ಇದ್ದೆ. ಪೇಂಟರ್ ಕೆಳಗಿನ ಸರಳಿಗೆ ಬಂದಿದ್ದ. ಅಲ್ಲಿ ತುಕ್ಕು ಹಕ್ಕಳೆಗಟ್ಟಿತ್ತು. ಅವನು ಅದರ ಮೇಲೆಯೇ ಬ್ರಷ್ ಎಳೆದ. ಒಳಗಿನ ತುಕ್ಕು ತೆಗೀದೆ ಬಣ್ಣ ಹಚ್ಚಬೇಡ ತಮಾ, ಅಂದೆ. ಹೇಳಬೇಕು ಅಂತ ಹೇಳಿದ್ದಲ್ಲ, ಅವರ ದನಿಯಲ್ಲೇ ಬಂದುಬಿಟ್ಟಿತು. ಕನ್ನಡ ಅರ್ಥವಾಗದ ಅವನು ತಲೆಯೆತ್ತಿ, ಮರ್ಯಾದೆಗೆ ಅಂತ ಸ್ವಲ್ಪ ನಕ್ಕು, ಮತ್ತೆ ಬ್ರಷ್ಷನ್ನು ಡಬ್ಬಿಗೆ ಅದ್ದಿದ.

ಎಂಥ ಮಿಮಿಕ್ರಿಯವನಿಗೂ ಎದುರಿಗೆ ಒಬ್ಬ ಬೇಕು. ಅಯ್ಯೋ, ಥೇಟ್ ಅವರೇ, ಅನ್ನುವವನು. ಹಾಲಿನ ಪೊಟ್ಟಣ ಕೈಯಲ್ಲಿ ಬೆಚ್ಚಗಾಗಿತ್ತು. ಮೇಲಿನಿಂದ ಅಮ್ಮ, ಹಾಲು ತರಕ್ಕೆ ಭೀಮಿಲಿಗೆ ಹೋದೆಯೇನೋ ಅಂತ ಕೂಗಿದಳು. ಬಂದೆ ಕಣೇ ಅಂತ ಅವಳದೇ ದನಿಯಲ್ಲಿ ಕೂಗಿ, ಮೆಟ್ಟಿಲು ಹತ್ತಿದೆ.